ಐಬಿಲ್ಲದ ಹುಡುಗ

ಮನೆಗೆ ಬೀಗ ಹಾಕಿ ತಾನು ಜಗ್ಗಿ ನೋಡಿದ್ದು ಸಾಲದೆ, ಹೆಂಡತಿಯ ಕೈಯಿಂದಲೂ ಜಗ್ಗಿಸುವವನು ಐವಾನ್-ಎ-ಶಾಹಿ ಬಡಾವಣೆಯ ದೌಲಪ್ಪ. ಅಂಥವನ ಮಗಳು ಮಲ್ಲಿಕಾಳಿಗೆ ಕಮಲಾಪುರದಿಂದ ಸಂಬಂಧ ಬಂತು. ಹುಡುಗ ಗುರುಪ್ರಸಾದ, ಅಲ್ಲಿ ಔಷಧಿ ಅಂಗಡಿ ಇಟ್ಟವ. ಮಲ್ಲಿಕಾ ಮನಸ್ಸಿನಲ್ಲೇ ಒಪ್ಪಿಬಿಟ್ಟಿದ್ದಳು. ಅಪ್ಪ ಹೂಂ ಅನ್ನಲಿಲ್ಲವೆಂದು ಊಟವನ್ನೂ ಮಾತನ್ನೂ ಕಡಿಮೆ ಮಾಡಿದ್ದಳು. "ಶುಕ್ರವಾರದೊಳಗ ಹೇಳ್ರಿ, ಇಲ್ಲಾಂದ್ರ ಬ್ಯಾರೆ ಕಡೆ ನೋಡ್ತೀವಿ" ಎಂದು ಹುಡುಗನ ಕಡೆಯವರು ಹೇಳಿ ಕಳಿಸಿದ್ದರು.

ಹೆಣ್ಣು ಕೊಡುವ ಮೊದಲು ಹುಡುಗನ ಊರಿಗೆ ಗುಟ್ಟಾಗಿ ಹೋಗಿ ನಾಲ್ಕು ಮಂದಿಯ ಬಾಯಿ ಬಿಡಿಸುವುದು ಹಳೆಯ ಪದ್ಧತಿ. ದೌಲಪ್ಪ ಹೋದ. ಚಹಾದಂಗಡಿಯವನು, ಕ್ಷೌರದವನು, ಕಟ್ಟೆಯ ಮುದುಕರು, ಎಲ್ಲರದೂ ಒಂದೇ ಮಾತು: "ಬಂಗಾರದಂಥ ಹುಡುಗ ರೀ."

ದೌಲಪ್ಪನ ನಿದ್ದೆ ಹಾರಿತು.

"ದೇವರಿಗೂ ಬೈಯೋರು ಅದಾರ. ಇವಗ ಒಬ್ಬರೂ ಬೈಯಂಗಿಲ್ಲಂದ್ರ, ಯಾರೋ ಕಲಿಸಿಟ್ಟ ಮಾತೇ ಇದು!"

ಹೆಂಡತಿ ನೀಲಗಂಗಮ್ಮ ರೊಟ್ಟಿ ಬಡಿಯುತ್ತಲೇ, "ಮೊಸರಾಗ ಕಲ್ಲು ಸಿಗಲಿಲ್ಲಂತ ಅಳೋ ಗಂಡಸನ್ನ ಇವತ್ತೇ ನೋಡಿದೆ. ನಾಳಿಗೆ ಇನ್ನೊಮ್ಮೆ ಹೋಗಿ ಬರ್ರಿ. ಬರುವಾಗ ಬಸ್ ಸ್ಟ್ಯಾಂಡಿನಾಗ ಕೆಂಪು ಬಾಳೆಹಣ್ಣು ತರ್ರಿ" ಎಂದಳು.

ಮರುದಿನ ಕಮಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಇಕ್ಬಾಲ್ ಬೇಗಂ ಎಂಬಾಕೆ ಹಣ್ಣು ಹರಡಿಕೊಂಡು ಕೂತಿದ್ದಳು. ದೌಲಪ್ಪ ಹಣ್ಣು ಒತ್ತಿ ನೋಡುತ್ತ, ಮೂಸಿ ನೋಡುತ್ತ, "ಔಷಧಿ ಅಂಗಡಿ ಹುಡುಗ ಹೆಂಗವ್ವಾ?" ಎಂದ.

"ಅವನ ಸುದ್ದಿ ಕೇಳಬ್ಯಾಡ್ರಿ ಸಾವ್ಕಾರ್ರ. ದೊಡ್ಡ ಐಬು ಅದ."

ದೌಲಪ್ಪನ ಮುಖ ಅರಳಿತು. "ಏನದು?"

"ಅನುಮಾನದ ಪ್ರಾಣಿ ರೀ! ಒಂದು ಹಣ್ಣು ತಗೊಳ್ಳಾಕ ಇಡೀ ಗೊನಿ ಒತ್ತಿ ನೋಡ್ತಾನ, ಮೂಸಿ ನೋಡ್ತಾನ. ಥೇಟ್..." ಆಕೆಯ ಕಣ್ಣು ಹಣ್ಣು ಒತ್ತುತ್ತಿದ್ದ ಅವನ ಕೈ ಮೇಲೆ ಬಿತ್ತು.

ದೌಲಪ್ಪ ಹಣ್ಣನ್ನು ಮೆಲ್ಲಗೆ ಕೆಳಗಿಟ್ಟ. "ಅದು ಐಬಲ್ಲ ಬಿಡವ್ವಾ. ಅದಕ್ಕ ಹುಷಾರಿ ಅಂತಾರ."

ಬಸ್ಸಿನಿಂದಲೇ ಬೀಗರಿಗೆ ಫೋನ್ ಮಾಡಿ ಹೂಂ ಅಂದ. ಮನೆ ಮುಟ್ಟಿ, "ನಮ್ಮ ಮನೆತನಕ್ಕ ತಕ್ಕ ಹುಡುಗ!" ಎಂದು ಹಣ್ಣಿನ ಚೀಲ ಕೊಟ್ಟ.

ನೀಲಗಂಗಮ್ಮ ಒಂದು ಸುಲಿದು ಬಾಯಿಗಿಟ್ಟಳು. "ಇಕ್ಬಾಲ್ ಬೇಗಂ ಹಣ್ಣಂದ್ರ ಹಣ್ಣು. ಸಣ್ಣವರಿದ್ದಾಗ ಮಹಾಗಾಂವದಾಗ ಕೂಡಿ ಆಡಿದವರು ನಾವು."

"ಆಕಿ ಹೆಸರು ನಾ ಹೇಳೇ ಇಲ್ಲಲ್ಲ? ನಿನ್ನೆ ನೀ ಫೋನಿನಾಗ ಯಾರ ಜೋಡಿ..."

ಅಷ್ಟರಲ್ಲಿ ಒಳಗಿನಿಂದ ಮಲ್ಲಿಕಾ ನಕ್ಕದ್ದು ಕೇಳಿಸಿತು. ಎಷ್ಟೋ ದಿನದ ಮೇಲೆ ಕೇಳಿದ ನಗು. ದೌಲಪ್ಪ ಒಂದು ಹಣ್ಣು ತೆಗೆದುಕೊಂಡ. ಒತ್ತಲಿಲ್ಲ, ಮೂಸಲಿಲ್ಲ. ಬಾಯಿಗೆ ಬಂದ ಪ್ರಶ್ನೆಯನ್ನೂ ಅದರ ಜೊತೆಗೇ ನುಂಗಿದ.

ಮಲಗುವ ಮುಂದೆ ಬೀಗವನ್ನು ಮಾತ್ರ ಎರಡು ಸಲ ಹೆಚ್ಚಿಗೆ ಜಗ್ಗಿದನಂತೆ.