ಕೆಂಪು ಗೆರೆಯ ಕೆಳಗೆ

ನಾನು ಒಂದು ಆಯಿಲ್ ಪ್ರೆಶರ್ ಮೀಟರ್. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ, ದುಂಡಗಿನ ಹಿತ್ತಾಳೆಯ ಮೈ, ಗಾಜಿನ ಮುಖ, ಒಂದೇ ಒಂದು ಮುಳ್ಳು. ಎಂಜಿನ್ನಿನೊಳಗೆ ಎಣ್ಣೆ ಒತ್ತಡದಿಂದ ಹರಿಯುತ್ತಿದ್ದರೆ ಮುಳ್ಳು ಮೇಲೆ ನಿಲ್ಲುತ್ತದೆ. ಒತ್ತಡ ಸೊರಗಿದರೆ ಇಳಿಯುತ್ತದೆ. ನನಗೆ ಬರುವ ಮಾತು ಅಷ್ಟೇ. ಹುಟ್ಟಿದ ಕಾರ್ಖಾನೆ ಯಾವುದೋ ನೆನಪಿಲ್ಲ. ಮುಳ್ಳು ಕೂಡಿಸಿದವರ ಉಸಿರು ಗಾಜಿನ ಒಳಗೆ ಮಂಜಾಗಿ ಕೂತದ್ದು ಮಾತ್ರ ನೆನಪಿದೆ.

ಮೊದಲು ಗದಗಿನ ಹಿಟ್ಟಿನ ಗಿರಣಿಯೊಂದರ ಎಂಜಿನ್ನಿನ ಮೇಲಿದ್ದೆ. ಮುಖದ ತುಂಬ ಜೋಳದ ಹಿಟ್ಟು. ನನ್ನನ್ನು ಯಾರೂ ನೋಡುತ್ತಿರಲಿಲ್ಲ. ಗಿರಣಿಗೆ ಕರೆಂಟು ಬಂದ ಮೇಲೆ ಮೆಕ್ಯಾನಿಕ್ ಮೌಲಾಲಿ ನನ್ನನ್ನು ಬಿಚ್ಚಿ, ಡ್ರಾಯಿಂಗ್ ಮಾಸ್ತರ ಫಕ್ಕೀರಪ್ಪನವರ ಹಳೆಯ ಮೋಟಾರ್ ಸೈಕಲ್ಲಿನ ಹ್ಯಾಂಡಲಿಗೆ ಕೂಡಿಸಿದ.

"ಗಾಡಿ ನಿಮಗಿಂತ ಹಿರೇದೈತ್ರಿ ಮಾಸ್ತರ. ನಾಡಿ ಹಿಡಿಯಾಕ ಒಬ್ಬ ವೈದ್ಯ ಬ್ಯಾಡೇನ್ರಿ?"

ಮಾಸ್ತರರು ನಕ್ಕು, ತಮ್ಮ ಅತಿ ಸಣ್ಣ ಕುಂಚದಿಂದ ನನ್ನ ಗಾಜಿನ ಮೇಲೆ ಕೆಂಪು ಗೆರೆಯೊಂದನ್ನು ಎಳೆದರು. ಮುಳ್ಳು ಅದರ ಕೆಳಗಿಳಿದರೆ ಗಾಡಿ ನಿಲ್ಲಿಸಬೇಕು. ಅಂದಿನಿಂದ ಕಿಕ್ ಹೊಡೆದ ಕೂಡಲೇ ಗಾಜಿಗೆ ಬೆರಳು ತಟ್ಟಿ ನನ್ನ ಮೇಲೆ ಬಾಗುತ್ತಿದ್ದರು. ನಾನು ಲೋಕವೆಂದು ಕಂಡದ್ದು ಆ ಮುಖವನ್ನೇ. ಮೀಸೆಯ ತುದಿಯಲ್ಲಿ ಸದಾ ಯಾವುದಾದರೊಂದು ಬಣ್ಣ.

ಆ ಕಣ್ಣುಗಳು ಮಬ್ಬಾದದ್ದು ನನಗೇ ಮೊದಲು ತಿಳಿಯಿತು. ಎಷ್ಟು ಬಾಗಿದರೂ ತಾವೇ ಎಳೆದ ಗೆರೆ ಅವರಿಗೆ ಕಾಣದಾಯಿತು. ಕುಂಚ ಬಿಟ್ಟರು. ಗಾಡಿಯನ್ನೂ ಬಿಡಿ ಎಂದರು ಡಾಕ್ಟರು. ಮಗಳು ನೀಲಗಂಗಾ ಅತ್ತು ಕೇಳಿಕೊಂಡಳು.

"ಮುಳ್ಳು ಗೆರಿ ಕೆಳಗ ಇಳದ ದಿನ ಬಿಡ್ತೀನವ್ವಾ. ನೀನ ಹಿಂದ ಕುಂತು ನೋಡಿ ಹೇಳು."

ಹೀಗೆ ಅವಳು ಅಪ್ಪನ ಹೆಗಲ ಮೇಲಿಂದ ನನ್ನನ್ನು ಓದತೊಡಗಿದಳು. ಜನವಿಲ್ಲದ ಮುಂಜಾವು, ಮುಳಗುಂದದ ರಸ್ತೆ, ಎತ್ತಿನ ಗಾಡಿಯ ವೇಗ.

"ಎಲ್ಲೈತವ್ವಾ?"

"ಮ್ಯಾಲೈತಿ, ಅಪ್ಪಾ."

ಅಷ್ಟು ಕೇಳಿದರೆ ಸಾಕು, ಅವರ ಬೆನ್ನು ನೆಟ್ಟಗಾಗುತ್ತಿತ್ತು.

ಒಂದು ಬೆಳಿಗ್ಗೆ ಮುಳ್ಳು ಗೆರೆ ದಾಟಿ ಇಳಿಯಿತು. ನನಗೆ ಬರುವ ಒಂದೇ ಮಾತನ್ನು ನಾನು ಆಡಿದ್ದೆ. ನೀಲಗಂಗಾ ನೋಡಿದಳು. ಅವಳ ಕೈ ಅಪ್ಪನ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು.

"ಎಲ್ಲೈತವ್ವಾ?"

"ಮ್ಯಾಲ... ಮ್ಯಾಲೈತಿ, ಅಪ್ಪಾ."

ಮರುದಿನವೂ ಹಾಗೆಯೇ ಅಂದಳು. ಅದೇ ದಿನ ಹಿಂದಿರುಗುವಾಗ ಎಂಜಿನ್ನಿನೊಳಗೆ ಏನೋ ಕಿರುಚಿ, ಎಲ್ಲವೂ ಬಿಗಿದುಕೊಂಡು ನಿಂತುಬಿಟ್ಟಿತು. ಇಬ್ಬರಿಗೂ ಪೆಟ್ಟಾಗಲಿಲ್ಲ. ಮಾಸ್ತರರು ಸುಡುವ ಎಂಜಿನ್ನಿನ ಪಕ್ಕ ಮಣ್ಣಿನಲ್ಲೇ ಕುಳಿತರು.

"ಅಪ್ಪಾ, ನಾ ಸುಳ್ಳ ಹೇಳಿದ್ದೆ."

"ಗೊತ್ತವ್ವಾ. ಕಣ್ಣಷ್ಟ ಹೋಗ್ಯಾವು, ಕಿವಿ ಅದಾವಲ್ಲ. ಒಳಗ ಅದು ಬಡಕೊಳ್ಳೋದು ಕೇಳಸ್ತಿತ್ತು. ಆದ್ರೂ ನಿನ್ನ ಬಾಯಿಂದ ಮ್ಯಾಲೈತಿ ಅನ್ನೋದು ಕೇಳಬೇಕನಸ್ತಿತ್ತು."

ಗಾಡಿ ಗುಜರಿಗೆ ಹೋಯಿತು. ನನ್ನೊಬ್ಬನನ್ನು ಬಿಚ್ಚಿಸಿ ಉಳಿಸಿಕೊಂಡರು. ಈಗ ಕಿಟಕಿಯ ಕಟ್ಟೆಯ ಮೇಲೆ, ಬಣ್ಣ ಒಣಗಿ ಸೆಟೆದುಕೊಂಡ ಕುಂಚಗಳ ಪಕ್ಕದಲ್ಲಿದ್ದೇನೆ. ನನ್ನ ಬೆನ್ನಿನ ಕೊಳವೆಗೆ ಯಾವ ಎಂಜಿನ್ನಿನ ಎದೆಯನ್ನೂ ಜೋಡಿಸಿಲ್ಲ. ಪೂರ್ತಿ ಕತ್ತಲಾದ ಕಣ್ಣುಗಳ ಮಾಸ್ತರರು ಬೆಳಿಗ್ಗೆ ತಡವರಿಸುತ್ತ ಬಂದು, ನನ್ನನ್ನು ಹುಡುಕಿ, ಗಾಜಿಗೆ ಬೆರಳು ತಟ್ಟುತ್ತಾರೆ.

"ಎಲ್ಲೈತವ್ವಾ?"

ಒಲೆಯ ಮುಂದಿನಿಂದ ಎದ್ದು ಬಂದು ನೀಲಗಂಗಾ ನಿಜವಾಗಿಯೂ ನನ್ನನ್ನು ನೋಡುತ್ತಾಳೆ.

"ಕೆಳಗೈತಿ, ಅಪ್ಪಾ."

ಅವರು ತಲೆಯಾಡಿಸುತ್ತಾರೆ. ನಾನು ಹೇಳಿದ್ದನ್ನೇ ಈಗ ಅವಳು ಹೇಳುತ್ತಾಳೆ. ನಿಲ್ಲಿಸುವುದಕ್ಕೆ ಮಾತ್ರ ಏನೂ ಉಳಿದಿಲ್ಲ.