ಕಾಲು ಅಲ್ಲಾಡುವ ಕುರ್ಚಿ

ಪಂಚಾಯ್ತಿ ಕಚೇರಿಯ ಅಧ್ಯಕ್ಷರ ಕುರ್ಚಿಗೆ ಕಾಲು ಅಲ್ಲಾಡುತ್ತದೆ ಎಂಬ ಮಾತು ಹುಟ್ಟಿ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಆ ಕುರ್ಚಿ ಗಟ್ಟಿಮುಟ್ಟಾಗಿಯೇ ಇತ್ತು. ಅಧ್ಯಕ್ಷ ಸ್ಥಾನ ಕೆಳಗಿನ ಕೇರಿಯ ಜಾತಿಗೆ ಮೀಸಲಾಗಿ, ಪೊರಕೆ ಕಟ್ಟುವವಳೊಬ್ಬಳು ಗೆದ್ದು ಬಂದು ಅದರ ಹತ್ತಿರ ಹೋದಳು ನೋಡಿ, ಆಗ ಉಪಾಧ್ಯಕ್ಷರು ಎರಡೂ ಕೈ ಅಡ್ಡ ಹಿಡಿದಿದ್ದರು.

"ಬೇಡಮ್ಮ, ಬಿದ್ದುಗಿದ್ದೀಯ. ಮೊದ್ಲು ರಿಪೇರಿ ಆಗ್ಲಿ, ಆಮೇಲೆ ಕೂತ್ಕೊ."

ಅಂದಿನಿಂದ ಅವಳಿಗೆ ಬಾಗಿಲ ಪಕ್ಕದ ಸ್ಟೂಲು. ಉಪಾಧ್ಯಕ್ಷರೆಂದರೆ ಮೇಲಿನ ಬೀದಿಯ ಹಿಟ್ಟಿನ ಗಿರಣಿಯ ಯಜಮಾನರು. ನೂರು ಕೆಜಿಗೆ ಕಡಿಮೆಯಿಲ್ಲದ ತಮ್ಮ ದೇಹವನ್ನು ದಿನವೂ ಅದೇ ಕುರ್ಚಿಯಲ್ಲಿ ಇಳಿಸಿ ಊರಿನ ಭಾರ ಹೊರುತ್ತಿದ್ದರು. ಕುರ್ಚಿ ಒಂದು ದಿನವೂ ಕಿರ್ ಎನ್ನಲಿಲ್ಲ. ಕಾಗದ ಬಂದರೆ ಗುಮಾಸ್ತ ಸ್ಟೂಲಿನ ಹತ್ತಿರ ತಂದು ಸಹಿಯ ಜಾಗಕ್ಕೆ ಬೆರಳಿಡುತ್ತಿದ್ದ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಬರೆಯುತ್ತಿದ್ದಳು. ಅವಳಿಗೆ ಓದಲು ಬರುತ್ತಿತ್ತು, ಕಷ್ಟ ಅದೇ. ತನ್ನ ಕೇರಿಯ ನೀರಿನ ಪೈಪಿನ ಕಡತ ಕಪಾಟಿನ ಮೂರನೇ ಖಾನೆಯಲ್ಲಿ ಧೂಳು ತಿನ್ನುತ್ತಿರುವುದೂ ಅವಳಿಗೆ ಗೊತ್ತಿತ್ತು.

"ಒಬ್ಬ ಬಡಗೀನ ಕರೆಸೋಕೆ ಎರಡು ವರ್ಷ ಬೇಕಾ?" ಎಂದು ಮನೆಯಲ್ಲಿ ಗಂಡನ ಮೇಲೆ ರೇಗುತ್ತಿದ್ದಳು.

"ನಿಂಗೆ ಕುರ್ಚೀನೇ ಯಾಕೆ ಬೇಕು? ಸ್ಟೂಲ್ ಮೇಲೆ ಕೂತ್ರೂ ಅಧ್ಯಕ್ಷೇನೇ ಅಲ್ವಾ?"

ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಸ್ಟೂಲ್ ಮೇಲಿನವಳು ಕಡತ ತಾ ಎಂದರೆ ಗುಮಾಸ್ತ ಕುರ್ಚಿಯಲ್ಲಿದ್ದವರ ಮುಖ ನೋಡುತ್ತಾನೆ. ಎಷ್ಟು ಸಲ ಹೇಳಿದರೂ ಗಂಡನಿಗೆ ಇದು ತಲೆಗೆ ಹೋಗುತ್ತಿರಲಿಲ್ಲ.

ಹೀಗಿರುವಾಗ ತಮಿಳು ಸಿನಿಮಾದವರು ಶೂಟಿಂಗಿಗೆಂದು ಬಂದರು. ಹಳ್ಳಿ ಚುನಾವಣೆಯನ್ನೂ ಜಾತಿಯನ್ನೂ ಗೇಲಿ ಮಾಡುವ ಕತೆಯಂತೆ. ಕೆಳಜಾತಿಯ ಹೆಂಗಸೊಬ್ಬಳು ಅಧ್ಯಕ್ಷೆಯಾಗಿ ದೊಡ್ಡವರ ಸೊಕ್ಕು ಮುರಿಯುತ್ತಾಳಂತೆ. "ಬಹಳ ಒಳ್ಳೇ ಸಂದೇಶ ಕಣ್ರಿ," ಎಂದು ಯಜಮಾನರು ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ಅಧ್ಯಕ್ಷೆಗೆ ಕೈ ಮುಗಿಯುವ ದೊಡ್ಡ ಮನುಷ್ಯನ ಸಣ್ಣ ಪಾತ್ರ ಅವರಿಗೇ ಸಿಕ್ಕಿತ್ತು. ಇವತ್ತು ದೂರದಿಂದ ತೆಗೆಯುತ್ತಾರೆ, ನಾಳೆ ಹತ್ತಿರದಿಂದ ಬರೀ ಅವರ ಮುಖ. ನಾಳೆ ಬಂದು ನೋಡಿ ಎಂದು ಮೇಲಿನ ಬೀದಿಗೆಲ್ಲ ಆಗಲೇ ಕರೆ ಹೋಗಿತ್ತು.

ಕಚೇರಿಯ ಬೇರೆ ಕುರ್ಚಿಗಳನ್ನೆಲ್ಲ ಸಿನಿಮಾದವರು ಹೊರಗೆ ಹಾಕಿದರು. ಅವಳು ಎರಡು ವರ್ಷದಿಂದ ಕೇಳುತ್ತಿದ್ದ ಹೆಸರಿನ ಹಲಗೆ ಹತ್ತೇ ನಿಮಿಷದಲ್ಲಿ ಮೇಜಿನ ಮೇಲೆ ಬಂತು, ಇನ್ನೊಬ್ಬಳ ಹೆಸರಲ್ಲಿ. ಅಧ್ಯಕ್ಷೆಯ ಪಾತ್ರದ ನಟಿಗೆ ಇನ್ನೂ ಮೇಕಪ್ಪು ನಡೆಯುತ್ತಿತ್ತು. ಅಲ್ಲಿಯವರೆಗೆ ಲೈಟು ಹೊಂದಿಸಲು ಯಾರಾದರೂ ಕುರ್ಚಿಯಲ್ಲಿ ಕೂರಬೇಕಿತ್ತು. ಊರಿನವರ ಮಾತು ಬಲ್ಲ ಸಹಾಯಕ ನಿರ್ದೇಶಕಿ ಸ್ಟೂಲಿನ ಕಡೆ ತಿರುಗಿದಳು.

"ಅಕ್ಕಾ, ನೀವು ಹೀರೋಯಿನ್ ಎತ್ತರಾನೇ ಇದ್ದೀರ. ಸ್ವಲ್ಪ ಹೊತ್ತು ಕೂತ್ಕೋತೀರಾ?"

ಅವಳು ಹೋಗಿ ಕೂತಳು. ಕಾಲಿನ ಸುದ್ದಿಯನ್ನು ಯಾರೂ ಎತ್ತಲಿಲ್ಲ. ಬೇಕೆಂದೇ ಎಡಕ್ಕೆ ವಾಲಿದಳು, ಬಲಕ್ಕೆ ವಾಲಿದಳು. ಕುರ್ಚಿ ಮಿಸುಕಲಿಲ್ಲ. ಇಂಥ ಸುಳ್ಳಿಗೆ ಇಷ್ಟು ದಿನ ತಲೆಯಾಡಿಸಿದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಸಾರ್, ಎದುರಿಗೆ ಬಂದು ಒಂದ್ಸಲ ಕೈ ಮುಗೀರಿ, ನೋಡ್ಕೋತೀವಿ," ಎಂದಳು ಸಹಾಯಕಿ.

ಯಜಮಾನರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಈಗ ಬೇಡ. ನಿಜವಾದ ಅಧ್ಯಕ್ಷೆ ಬರ್ಲಿ, ಆಗ ಮುಗೀತೀನಿ."

ಕಚೇರಿಯಲ್ಲಿ ಆ ಮಾತು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ.

ನಟಿ ಬಂದಳು, ಇವಳು ಎದ್ದಳು. ಯಜಮಾನರು ಕಣ್ಣಲ್ಲೇ ಸನ್ನೆ ಮಾಡಿದರು. ಗುಮಾಸ್ತ ಬಟ್ಟೆ ತಂದು ಅವಳು ಕೂತಿದ್ದ ಜಾಗವನ್ನೂ ಅವಳು ಕೈಯಿಟ್ಟಿದ್ದ ಜಾಗವನ್ನೂ ಉಜ್ಜಿ ಉಜ್ಜಿ ಒರೆಸಿದ. ಆಮೇಲೆ ಯಜಮಾನರು ನಟಿಗೆ ಏಳು ಸಲ ಕೈ ಮುಗಿದರು, ಸಲದಿಂದ ಸಲಕ್ಕೆ ಇನ್ನಷ್ಟು ಬಗ್ಗಿ. ನಿರ್ದೇಶಕ ಚಪ್ಪಾಳೆ ತಟ್ಟಿದ.

ಸಂಜೆ ಸಹಾಯಕಿ ನಾಳೆಯ ಶೂಟಿಂಗಿನ ಅನುಮತಿ ಪತ್ರ ತಂದಳು. ಅಧ್ಯಕ್ಷರ ಸಹಿ ಬೇಕಿತ್ತು. ಗುಮಾಸ್ತ ಅದನ್ನು ಸ್ಟೂಲಿಗೆ ಒಯ್ದು ಎಂದಿನಂತೆ ಬೆರಳಿಟ್ಟ.

ಅವಳು ಪೆನ್ನು ಮುಟ್ಟಲಿಲ್ಲ. "ನಿಜವಾದ ಅಧ್ಯಕ್ಷೆ ಕೈಲೇ ಹಾಕಿಸ್ಕೊಳ್ಳಿ."

"ಅವ್ರು ಆಗ್ಲೇ ಹೊರಟುಹೋದ್ರಲ್ಲಕ್ಕಾ. ಅವ್ರ ಸಹಿ ನಡೆಯೋದೂ ಇಲ್ಲ," ಎಂದ ಸಹಾಯಕಿಗೆ ಮಾತು ಮುಗಿಸುವಷ್ಟರಲ್ಲಿ ಏನೋ ಹೊಳೆಯಿತು.

"ಏನೇ ಇದು ಹೊಸ ವರಸೆ?" ಎಂದರು ಮತ್ತೆ ಕುರ್ಚಿಯಲ್ಲಿ ಕೂತಿದ್ದ ಯಜಮಾನರು. "ಹಾಕು ಸುಮ್ನೆ."

"ಸ್ಟೂಲ್ ಮೇಲೆ ಕೂತು ಹಾಕಿದ್ರೆ ಅಕ್ಷರ ಅಲ್ಲಾಡುತ್ತೆ ಯಜಮಾನ್ರೆ."

ನಾಳೆ ಸಾಲಾಗಿ ಬಂದು ನಿಲ್ಲುವ ಮೇಲಿನ ಬೀದಿ ಅವರ ಕಣ್ಣ ಮುಂದೆ ಬಂದಿರಬೇಕು. ಹಲ್ಲು ಕಚ್ಚಿಕೊಂಡು ಕುರ್ಚಿಯಿಂದ ಎದ್ದರು. "ಬಾ. ಸಹಿ ಹಾಕಿ ಎದ್ದುಬಿಡು."

ಅವಳು ಕೂತಳು. ಅನುಮತಿ ಪತ್ರವನ್ನು ಮೊಣಕೈ ಕೆಳಗೆ ಇಟ್ಟುಕೊಂಡಳು. ಗುಮಾಸ್ತ ಆಗಲೇ ಅದೇ ಬಟ್ಟೆ ಹಿಡಿದು ಪಕ್ಕಕ್ಕೆ ಬಂದು ನಿಂತಿದ್ದ. ಶೂಟಿಂಗ್ ಮುಗಿದ ಮರುದಿನವೇ ಈ ಕುರ್ಚಿಯ ಕಾಲು ಮತ್ತೆ ಅಲ್ಲಾಡುತ್ತದೆ ಎಂಬುದು ಅವಳಿಗೂ ಗೊತ್ತಿತ್ತು.

"ಬಟ್ಟೆ ಅಲ್ಲಿಡು," ಎಂದಳು. "ಮೂರನೇ ಖಾನೇಲಿ ನಮ್ಮ ಕೇರಿ ಪೈಪಿನ ಫೈಲ್ ಇದೆ, ತಗೊಂಡ್ ಬಾ. ಅದು ಇದಕ್ಕಿಂತ ಎರಡು ವರ್ಷ ಮೊದ್ಲು ಬಂದಿದ್ದು. ಅದಕ್ಕೆ ಮೊದ್ಲು ಸಹಿ."

ಗುಮಾಸ್ತ ಅಭ್ಯಾಸದಂತೆ ಕುರ್ಚಿಯ ಕಡೆ ನೋಡಿದ. ಅಲ್ಲಿ ಅವಳಿದ್ದಳು. ಯಜಮಾನರು ಎಲ್ಲಿ ಎಂದು ತಿರುಗಿ ಹುಡುಕಿದ. ಅವರು ಗೋಡೆಗೆ ಒರಗಿ ನಿಂತಿದ್ದರು. ಕಚೇರಿಯಲ್ಲಿ ಖಾಲಿ ಇದ್ದದ್ದು ಬಾಗಿಲ ಪಕ್ಕದ ಸ್ಟೂಲು ಒಂದೇ.