ಎರಡು ಬೇಡ, ಒಂದು ಹೂಂ

ಕಾನ್ಸಸ್ಸಿನ ಆ ಗೋಧಿ ಸೀಮೆಯಲ್ಲಿ ಕಾಫಿ ಬೇಕೇ ಎಂದರೆ ಯಾರೂ ಒಮ್ಮೆಗೇ ಹೂಂ ಅನ್ನುವುದಿಲ್ಲ. ಎರಡು ಸಲ ಬೇಡ ಅನ್ನಬೇಕು, ಮೂರನೆಯ ಸಲ ಒಪ್ಪಬೇಕು. ಮೊದಲ ಸಲಕ್ಕೇ ಕೈ ಚಾಚಿದವನು ಹೊಟ್ಟೆಬಾಕ. ವೆಲ್ಡಾ ಈ ಮರ್ಯಾದೆಯಲ್ಲೇ ತಲೆ ನರೆಸಿಕೊಂಡವಳು.

ಊರಿನ ಮಾಂಸದ ಕಾರ್ಖಾನೆಗೆ ತೆರಿಗೆ ಮನ್ನಾ ಮಾಡಬೇಕೇ ಎಂದು ಜನರನ್ನು ಕೇಳಲು ಕೌಂಟಿ ಮಂಡಳಿ ಅಂದು ಸಭೆ ಕರೆದಿತ್ತು. ಮನ್ನಾ ಆದರೆ ಊರಿನ ಆಂಬುಲೆನ್ಸ್ ನಡೆಸಲು ಹಣವಿರುವುದಿಲ್ಲವೆಂದು ಮಂಡಳಿಯೇ ಒಪ್ಪಿಕೊಂಡಿತ್ತು. ವೆಲ್ಡಾಳ ಗಂಡ ಹಾರ್ಲನ್‌ನದು ದುರ್ಬಲ ಹೃದಯ. ಹೋದ ಚಳಿಗಾಲದಲ್ಲಿ ಅವನನ್ನು ಉಳಿಸಿದ್ದು ಅದೇ ಆಂಬುಲೆನ್ಸ್. ಅದನ್ನು ಹೇಳಲೆಂದೇ ಅವಳು ಬಂದಿದ್ದಳು.

“ತೆರಿಗೆ ಹಾಕಿದ್ರೆ ಕಂಪನಿ ಪಕ್ಕದ ರಾಜ್ಯಕ್ಕೆ ಹೋಗುತ್ತೆ ಕಣೇ. ಆಮೇಲೆ ಅಲ್ಲಿ ದುಡಿಯೋ ನನ್ನ ಮಗ ಏನು ಮಣ್ಣು ತಿನ್ಬೇಕಾ?” ಎಂದಳು ಪಕ್ಕದ ಕುರ್ಚಿಯ ಅರ್ಡಿಸ್.

“ಹೋದ ಸಲಾನೂ ಹೀಗೇ ಹೆದರಿಸಿದ್ರು, ಮನ್ನಾ ಕೊಟ್ವಿ,” ಎಂದು ಹಿಂದಿನ ಸಾಲಿನಿಂದ ಮುದುಕ ಡ್ವೇನ್ ಕುಟುಕಿದ. “ಅವರ ಹೊಟ್ಟೆ ತುಂಬಿ ಮಿಕ್ಕಿದ್ದು ನಮ್ಮ ತಟ್ಟೆಗಂತೆ! ಆ ಹೊಟ್ಟೆ ತುಂಬೋದು ಯಾವ ಜನ್ಮಕ್ಕೆ?”

ಕಂಪನಿಯ ಮ್ಯಾನೇಜರ್ ಕೆಸ್ಲರ್ ಷಿಕಾಗೋದವನು. ತಾನೇ ಮೈಕು ಹಿಡಿದು ಸಾಲುಸಾಲು ತಿರುಗುತ್ತಾ ವೆಲ್ಡಾಳ ಮುಂದೆ ನಿಂತ.

“ನೀವೇನಾದ್ರೂ ಹೇಳ್ತೀರಾಮ್ಮಾ?”

“ಅಯ್ಯೋ, ಬೇಡ ಬಿಡಿ, ಬೇರೆಯವರು ಮಾತಾಡ್ಲಿ.”

ಬಾಯಿಗೆ ಬಂದದ್ದು ಹಳೆಯ ಮರ್ಯಾದೆ. ಇನ್ನೊಮ್ಮೆ ಕೇಳುತ್ತಾನೆಂದು ಅವಳು ಕೋಟು ಸರಿಮಾಡಿಕೊಂಡು ಕಾದಳು. ಅವನು ಥ್ಯಾಂಕ್ಸ್ ಹೇಳಿ ಮುಂದೆ ಹೋಗಿಬಿಟ್ಟ. ಅಷ್ಟು ಕುಟುಕಿದ ಡ್ವೇನ್ ಕೂಡ ಮೈಕು ಬಂದಾಗ ಬೇಡವೆಂದ. ಪುಣ್ಯಾತ್ಮ ಕೆಸ್ಲರ್ ಯಾರನ್ನೂ ಎರಡನೆಯ ಸಲ ಕೇಳಲಿಲ್ಲ. ಯಾರದೂ ವಿರೋಧವಿಲ್ಲವೆಂದು ಮಂಡಳಿ ಮನ್ನಾ ಮಾಡಿ ಎದ್ದಿತು. ಬೆಂಕಿ ಬೀಳಲಿ ಈ ಮರ್ಯಾದೆಗೆ!

ಗೋಧಿ ಕೊಯ್ಲು ಮುಗಿಯುವ ಹೊತ್ತಿಗೆ ಆಂಬುಲೆನ್ಸಿನ ಶೆಡ್ಡಿಗೆ ಬೀಗ ಬಿತ್ತು. ಆಮೇಲೊಂದು ಮಧ್ಯಾಹ್ನ ಊಟಕ್ಕೆ ಕೂತ ಹಾರ್ಲನ್ ಎದೆ ಹಿಡಿದುಕೊಂಡು ಮೇಜಿಗೆ ಒರಗಿದ.

“ಫೋನ್ ಮಾಡ್ಲಾ?”

“ಬೇಡ, ಯಾರಿಗ್ಯಾಕೆ ತೊಂದ್ರೆ.”

“ಹಾರ್ಲನ್, ಮಾಡ್ಲೇನೋ?”

“ಬೇಡ ಕಣೇ, ಸರಿಹೋಗುತ್ತೆ.”

ಮೂರನೆಯ ಸಲ ಅವಳು ಕೇಳಲಿಲ್ಲ, ಫೋನ್ ಮಾಡಿಯೇಬಿಟ್ಟಳು. ಪಕ್ಕದ ಕೌಂಟಿಯಿಂದ ಗಾಡಿ ಬರುವಷ್ಟರಲ್ಲಿ ಅವಳ ಕೈಯಲ್ಲಿದ್ದ ಅವನ ಕೈ ತಣ್ಣಗಾಗಿತ್ತು.

ಮಣ್ಣು ಮಾಡಿ ಬಂದವರಿಗೆಲ್ಲ ಚರ್ಚಿನಲ್ಲಿ ಊಟ. ಕಂಪನಿಯಿಂದ ಇಡೀ ಹಂದಿತೊಡೆಯೇ ಬಂದಿತ್ತು, ಅದರ ಹಿಂದೆಯೇ ಕೆಸ್ಲರ್. ಅವನು ವೆಲ್ಡಾಳ ಕೈ ಹಿಡಿದುಕೊಂಡ.

“ನಿಮಗೇನಾದ್ರೂ ಬೇಕೇನಮ್ಮಾ? ಸಂಕೋಚ ಪಡ್ಬೇಡಿ.”

“ಬೇಕು,” ಎಂದಳು ವೆಲ್ಡಾ.

ಒಂದೇ ಸಲಕ್ಕೆ! ಊಟ ಮಾಡುತ್ತಿದ್ದವರ ಚಮಚಗಳು ನಿಂತವು. ಅರ್ಡಿಸ್ ನಾಚಿ ತಲೆ ತಗ್ಗಿಸಿದಳು.

“ನಮ್ಮೂರ ಆಂಬುಲೆನ್ಸ್ ಬೇಕು. ಕೊಡ್ತೀಯಾ?”

ಕೆಸ್ಲರ್ ಮೆಲ್ಲನೆ ಕೈ ಬಿಟ್ಟ. ಅವಳು ಮತ್ತೊಮ್ಮೆ ಕೇಳಿದಳು. ಮೂರನೆಯ ಸಲವೂ ಕೇಳಿದಳು.